ಖಾಡಿಗೆ ಬೀಳದ ಹೂವು

ಬುದ್ಧಿ ಹೇಳುವುದೆಂದರೆ ನನಗೆ ಮೊದಲಿನಿಂದಲೂ ಪ್ರಾಣ. ಮನೆಯಲ್ಲಿ ಕೇಳುವವರಿಲ್ಲ, ಅಷ್ಟೆ. ಹಾಗಾಗಿ ಹಳ್ಳಿಯವರಿಗೆ ಬಾವಿ ನೀರಿನ ಬಗ್ಗೆ ತಿಳಿವಳಿಕೆ ಕೊಡಲು ಜನ ಬೇಕೆಂದು ಆಫೀಸಿನಲ್ಲಿ ಕೇಳಿದಾಗ ನಾನೇ ಕೈ ಎತ್ತಿದೆ. ಉಡುಪಿ ವಾಸನೆಯ ನನ್ನ ಮರಾಠಿಯನ್ನು ಯಾರೂ ಆಕ್ಷೇಪಿಸಲಿಲ್ಲ. ಬೇರೆ ಯಾರೂ ಕೈ ಎತ್ತಿರಲಿಲ್ಲ.

ಠಾಣೆಯಿಂದ ನವಿ ಮುಂಬಯಿಗೆ ಲೋಕಲ್ ಹೊಸದಾಗಿ ಶುರುವಾಗಿದ್ದ ಕಾಲ. ನನ್ನ ಪಾಲಿಗೆ ಬಂದದ್ದು ಘಣಸೋಲಿಯ ಹಳೇ ಊರು. ಸುತ್ತ ಬಿಲ್ಡಿಂಗುಗಳು ಏಳುತ್ತಿದ್ದರೂ ಅಲ್ಲಿ ಒಬ್ಬ ಅಜ್ಜಿ ಉಳಿದ ತುಂಡು ಜಮೀನು, ಎರಡು ಎಮ್ಮೆ, ಒಂದು ಬಾವಿ ಇಟ್ಟುಕೊಂಡಿದ್ದಳು. ಬಾವಿಗೆ ತಾಗಿಕೊಂಡೇ ಗೊಬ್ಬರದ ಗುಂಡಿ. ಮೊಮ್ಮಗಳು ಹೊಟ್ಟೆ ಕೆಟ್ಟು ಎರಡು ಸಲ ಆಸ್ಪತ್ರೆ ಸೇರಿದ್ದಳು. "ನನ್ನ ಅತ್ತೆಯ ಕಾಲದ ಗುಂಡಿ ಸಾಹೇಬ, ಆಗ ಯಾರಿಗೂ ಏನೂ ಆಗಲಿಲ್ಲ" ಎಂದು ಅಜ್ಜಿ ಮೂರು ಸೋಮವಾರ ನನಗೆ ಚಹಾ ಕುಡಿಸಿ ಕಳಿಸಿದಳು. ಆ ಮಗುವಿನ ಬತ್ತಿದ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ನಾಲ್ಕನೆಯ ಸೋಮವಾರ ಠಾಕುರ್ಲಿಯ ಮನೆಯಿಂದ ಹೊರಡುವಾಗ ಹೆಂಡತಿ ಎಂದಿನಂತೆ ಪ್ಲಾಸ್ಟಿಕ್ ಚೀಲ ಕೊಟ್ಟಳು. "ದೇವರ ಹೂವು ಮಾರಾಯ್ರೆ, ಕಸಕ್ಕೆ ಹಾಕ್ಬೇಡಿ. ಖಾಡಿಗೆ ಬಿಡಿ." ಮುಂಬ್ರಾ ಹತ್ತಿರ ರೈಲು ಖಾಡಿ ಎಂಬ ಸಮುದ್ರದ ಹಿನ್ನೀರು ದಾಟುವಾಗ ಬಾಗಿಲಿನಿಂದ ಅದನ್ನು ನೀರಿಗೆಸೆದು ಕೈಮುಗಿಯುವುದು ನನ್ನ ವರ್ಷಗಳ ಅಭ್ಯಾಸ. ಅಂದು ಗರ್ದಿಯಲ್ಲಿ ಬಾಗಿಲ ಬಳಿ ಹೋಗಲಾಗಲಿಲ್ಲ.

ಅಜ್ಜಿಯ ಅಂಗಳದಲ್ಲಿ ನಿಂತು ನೀರು ದೇವರು ಎಂದು ಭಾಷಣ ಬಿಗಿಯುತ್ತ ಕರಪತ್ರ ತೆಗೆಯಲು ಬ್ಯಾಗಿಗೆ ಕೈ ಹಾಕಿದೆ. ಚೀಲವೂ ಜೊತೆಗೇ ಬಂದು ಅಜ್ಜಿಯ ಕಾಲ ಬುಡದಲ್ಲಿ ಬಿತ್ತು.

"ಇದೇನು?"

ಸುಳ್ಳು ಹೊಳೆಯಲಿಲ್ಲ, ಹೇಳಿಬಿಟ್ಟೆ. ಅಜ್ಜಿ ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. "ಅರೆ ದೇವಾ! ಖಾಡಿಯಲ್ಲಿ ನನ್ನ ಮಗನ ಬಲೆಗೆ ಮೀನಿಗಿಂತ ಇಂಥವೇ ಹೆಚ್ಚು ಬೀಳ್ತವೆ. ಯಾರ ಮನೆಯವೋ ಅಂತಿದ್ದೆ." ನಾಚಿಕೆಯಿಂದ ನನ್ನ ಮರಾಠಿ ಪೂರ್ತಿ ಮರೆತೇಹೋಯಿತು. "ನೀನು ಚೀಲ ಎಸೆಯೋದು ಬಿಡು. ನಾನು ಗುಂಡಿ ಬದಲಿಸ್ತೇನೆ," ಎಂದಳು.

ಮುಂದಿನ ವಾರ ಹೋದಾಗ ಗುಂಡಿ ಜಮೀನಿನ ಆಚೆ ಮೂಲೆಗೆ ಹೋಗಿತ್ತು, ಅಜ್ಜಿ ಸೊಂಟ ಹಿಡಿದುಕೊಂಡು ಕುಳಿತಿದ್ದಳು. ಮಳೆಗಾಲ ಕಳೆಯಿತು, ಮಗು ಆಸ್ಪತ್ರೆಗೆ ಹೋಗಲಿಲ್ಲ. ನನ್ನ ಭಾಷಣದ ಪ್ರಭಾವವೆಂದು ಆಫೀಸಿನಲ್ಲಿ ಶಾಲು ಹೊದಿಸಿದರು. ಹೊದ್ದುಕೊಂಡೆ.

ಈಗ ನಮ್ಮ ದೇವರ ಹೂವು ವಾರಕ್ಕೊಮ್ಮೆ ಅಜ್ಜಿಯ ಗೊಬ್ಬರಕ್ಕೆ ಹೋಗುತ್ತದೆ. ಮನೆಯಲ್ಲಿ ಮಾತ್ರ ಹೇಳಿಲ್ಲ. "ನೀರಿಗೇ ಬಿಟ್ರಲ್ಲ?" ಎಂದು ಹೆಂಡತಿ ಕೇಳಿದೊಡನೆ ನಾನು ಕೈಕಾಲು ತೊಳೆಯಲು ಬಚ್ಚಲಿಗೆ ನುಗ್ಗಿ, ಏನೂ ಕೇಳಿಸದಷ್ಟು ಜೋರಾಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತೇನೆ.