ಬೀಗರ ತಾಟಿನ ಹೋಳಿಗೆ

ನನ್ನ ಮೈದುನ ಇವತ್ತಿನವರೆಗೆ ಯಾರಿಗೂ ಕೆಟ್ಟದ್ದು ಮಾಡಿದವನಲ್ಲ. ಒಳ್ಳೆಯದು ಮಾಡಲು ಹೋಗಿ ಅವನು ಕೊಡುವ ಕಾಟದಿಂದ ಮಾತ್ರ ಯಾರೂ ಪಾರಾಗಿಲ್ಲ!

ಅವನು ಹುಬ್ಬಳ್ಳಿಯ ಒಂದು ಖಾನಾವಳಿಯಲ್ಲಿ ಬಡಿಸುವವ. ಮದುವೆಯಾಗಲಿಲ್ಲ, ನನ್ನ ಯಜಮಾನರು ಬದುಕಿದ್ದಾಗಿನಿಂದಲೂ ಗೋಪನಕೊಪ್ಪದ ನಮ್ಮ ಮನೆಯಲ್ಲೇ ಇದ್ದಾನೆ. ಉಳಿದವರು ಗಿರಾಕಿ ಕೇಳಿದ್ದನ್ನು ಬಡಿಸಿದರೆ, ಇವನು ಗಿರಾಕಿಯ ಮೈ ನೋಡಿ ಬಡಿಸುತ್ತಾನೆ. ಬಡಕಲು ಹುಡುಗರಿಗೆ ಬೇಡವೆಂದರೂ ಮತ್ತೊಂದು ರೊಟ್ಟಿ. ಹೊಟ್ಟೆ ಬಂದವರು ಬೆಣ್ಣೆ ಕೇಳಿದರೆ ಕಿವುಡನಂತೆ ಮುಂದೆ ಹೋಗುತ್ತಾನೆ. ಬ್ಯಾಂಕಿನ ಸಾಹೇಬರೊಬ್ಬರು ಪಲ್ಯ ಬಿಟ್ಟು ಎದ್ದಾಗ ಕೈ ತೊಳೆಯುವ ನಳಕ್ಕೆ ಅಡ್ಡ ನಿಂತನಂತೆ. ಪಾಪ, ಅವರು ಎಂಜಲು ಕೈಯಲ್ಲೇ ವಾಪಸು ಬಂದು ತಿಂದು ಮುಗಿಸಿದರು. ಮರುದಿನ ಬರುವುದಿಲ್ಲ ಎಂದುಕೊಂಡಿರಾ? ಬಂದರು! ಅವರನ್ನು ಗದರುವವರು ಮನೆಯಲ್ಲಿ ಯಾರೂ ಇರಲಿಲ್ಲವೋ ಏನೋ.

ಇಂಥವನ ನೌಕರಿ ಹೋದದ್ದು ಒಂದು ಹೋಳಿಗೆಯಿಂದ. ಮಾಲಕರ ಮಗಳಿಗೆ ಗಂಡು ಗೊತ್ತಾಗಿ, ಬೀಗರಾಗುವವರು ಖಾನಾವಳಿಗೇ ಊಟಕ್ಕೆ ಬಂದರು. ನಮ್ಮ ಕಡೆಯ ಬೀಗರ ಊಟ ನಿಮಗೆ ಗೊತ್ತಲ್ಲ, ಸಾಕು ಸಾಕು ಎಂದು ಅವರು ತಾಟಿಗೆ ಕೈ ಅಡ್ಡ ಹಿಡಿದರೂ ಕೈ ಸರಿಸಿ, ಆಣೆ ಹಾಕಿ ಬಡಿಸಬೇಕು. ಗಂಡಿನ ಅಪ್ಪ ಪಂಕ್ತಿಯಲ್ಲಿ ಕುಳಿತು ಗುಟ್ಟಾಗಿ ಒಂದು ಗುಳಿಗೆ ನುಂಗಿದ್ದನ್ನು ಇವನು ನೋಡಿಬಿಟ್ಟ. ತುಪ್ಪ ಸುರಿದ ಹೋಳಿಗೆ ಅವರ ತಾಟಿಗೆ ಬಿತ್ತು. ಅವರು ಒಂದು ಚೂರು ಮುರಿಯುವುದರೊಳಗೆ ಇವನು ಕೈ ಹಾಕಿ ಎತ್ತಿಕೊಂಡ!

“ಸಕ್ಕರಿ ಬ್ಯಾನಿ ಇದ್ದಾವ್ರು ಇದನ್ನ ತಿನ್ನಬಾರದ್ರಿ ಕಾಕಾ,” ಎಂದನಂತೆ. ಇಡೀ ಪಂಕ್ತಿಗೆ ಕೇಳುವಂತೆ.

ಆ ಬೇನೆಯ ಸುದ್ದಿಯನ್ನು ಆ ಮನುಷ್ಯ ಹೆಂಡತಿಗೂ ಹೇಳಿರಲಿಲ್ಲ. ಬೀಗರು ಅರ್ಧ ಊಟಕ್ಕೇ ಎದ್ದು ಹೋದರು. ಮಾಲಕರು ಇವನಿಗೆ ನಾಳೆಯಿಂದ ಬರಬೇಡ ಎಂದರು.

ಖಾನಾವಳಿ ತಪ್ಪಿದ ಮೇಲೆ ಅವನಿಗೆ ಸಿಕ್ಕ ತಾಟು ನನ್ನದೊಂದೇ. ಉಪ್ಪಿನಕಾಯಿಯ ಭರಣಿ ಅಟ್ಟಕ್ಕೆ ಹೋಯಿತು. ನನ್ನ ಚಹಾಕ್ಕೆ ಸಕ್ಕರೆಯನ್ನು ಅವನೇ ಹಾಕತೊಡಗಿದ, ಅದೂ ಬಂಗಾರ ತೂಗಿದ ಹಾಗೆ. ಇವನಿಗೆ ನೌಕರಿ ವಾಪಸು ಸಿಗದಿದ್ದರೆ ಈ ವಯಸ್ಸಿನಲ್ಲಿ ನಾನು ತವರೂರು ಮುಗದಕ್ಕೆ ಓಡಬೇಕಾಗುತ್ತದೆ ಎಂದು ಖಾತ್ರಿಯಾಯಿತು. ಕಾರ್ಮಿಕ ಕಚೇರಿಗೆ ಅವನನ್ನು ಎಳೆದುಕೊಂಡು ಹೋಗಿ ಅರ್ಜಿಯ ಫಾರ್ಮ್ ತಂದೆ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ; ಅವನಿಗೆ ಬರೆಯಲು ಬರುವುದು ತನ್ನ ಹೆಸರೊಂದೇ. ಆದ್ದರಿಂದ ವಕೀಲಿ ನನ್ನದಾಯಿತು.

‘ಎದುರುದಾರ’ ಎಂಬಲ್ಲಿ ಮಾಲಕರ ಹೆಸರು ಬರೆದೆ, ಇವನು ಮುಖ ಊದಿಸಿಕೊಂಡ. ಇಷ್ಟು ವರ್ಷ ಅನ್ನ ಹಾಕಿದವರು ಎದುರುದಾರರು ಹೇಗಾಗುತ್ತಾರೆ ಎಂದು ವಾದ. ಹೆಸರಿನ ಹಿಂದೆ ‘ದೊಡ್ಡ ಮನಸ್ಸಿನ’ ಎಂದು ಸೇರಿಸಿದ ಮೇಲೆಯೇ ಸುಮ್ಮನಾದದ್ದು. ಕೆಲಸದಿಂದ ತೆಗೆದ ಕಾರಣ? ‘ಹೋಳಿಗೆ’ ಎಂದು ಬರೆದೆ, ಮತ್ತೇನು ಬರೆಯಲಿ? ಸಾಕ್ಷಿ ಯಾರು ಎಂದರೆ, ಬೀಗರಂತೆ!

“ಅವರ ತಾಟಿನ್ಯಾಗಿಂದನ ತಗದದ್ದು ವೈನಿ. ಅವರಗಿಂತ ಹತ್ರದಿಂದ ನೋಡಿದಾವ್ರು ಯಾರದಾರ ಹೇಳ್ರಿ?”

ಯೋಚಿಸಿದರೆ ಅದೂ ಖರೆಯೇ. ಬರೆದೆ.

ವಿಚಾರಣೆಯ ದಿನ ಆ ಅರ್ಜಿ ಓದಿದ ಅಧಿಕಾರಿ ಹೆಣ್ಣುಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾಲಕರೂ ಬಂದಿದ್ದರು. ಲಗ್ನ ಹೇಗೋ ಮುರಿಯದೆ ಉಳಿದಿದ್ದರಿಂದ ಅವರ ಸಿಟ್ಟು ಇಳಿದಿತ್ತು. ಕೆಲಸ ಕೊಡುತ್ತೇನೆ, ಆದರೆ ಇನ್ನು ಯಾರ ಊಟದಲ್ಲೂ ತಲೆ ಹಾಕುವುದಿಲ್ಲ ಎಂದು ಬರೆದುಕೊಡಲಿ ಎಂದರು. ನಾನು ತಡ ಮಾಡಲಿಲ್ಲ. ಅಲ್ಲೇ ಒಂದು ಹಾಳೆಯ ಮೇಲೆ ಬರೆದು ಪೆನ್ನನ್ನು ಅವನ ಕೈಗಿಟ್ಟೆ. ಇವನು ಸಹಿ ಮಾಡದೆ ಕುಳಿತ.

“ಲಗೂ ಮಾಡೋ, ಮನಿಗೆ ಹೋಗೂಣು,” ಎಂದೆ.

ಅವನು ಮಾಲಕರನ್ನು ನೋಡಲಿಲ್ಲ, ನನ್ನನ್ನು ನೋಡಿದ. “ಅಣ್ಣಗ ಕಡೀ ತನಕ ನಾನ ಬಡಸೇನಿ ವೈನಿ. ಕೇಳಿದಷ್ಟು ಹೋಳಿಗಿ ಹಾಕೇನಿ. ಡಾಕ್ಟರು ಬ್ಯಾಡ ಅಂದಿದ್ದು ನನಗ ಗೊತ್ತಿತ್ತು. ಒಮ್ಮೆನೂ ತಾಟಿಗೆ ಕೈ ಹಾಕಲಿಲ್ಲ.”

ನನ್ನ ಯಜಮಾನರು ಹೋದದ್ದು ಸಕ್ಕರೆ ಬೇನೆಯಿಂದಲೇ. ಊಟಕ್ಕೆ ಮುಂಚೆ ಅವರೂ ಅಂಥದೇ ಗುಳಿಗೆ ನುಂಗುತ್ತಿದ್ದರು. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ. ಇವನು ಅದನ್ನು ಇಷ್ಟು ವರ್ಷ ಹೊತ್ತುಕೊಂಡು ಪಂಕ್ತಿಯಿಂದ ಪಂಕ್ತಿಗೆ ತಿರುಗುತ್ತಿದ್ದನೇ?

“ನಿಮ್ಮಣ್ಣ ಹುಟ್ಟಿದಾಗಿಂದ ಯಾರ ಮಾತು ಕೇಳ್ಯಾರ, ನಿನ್ನ ಮಾತು ಕೇಳಾಕ?” ಎಂದೆ. “ನೀ ಕಸಗೊಂಡಿದ್ರ ಅಂಗಡಿಗೆ ಹೋಗಿ ತಿಂತಿದ್ರು.”

ಅವನ ಕೈಯಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟೆ. ಇವನು ಬರೆದುಕೊಡುವುದಿಲ್ಲ ಎಂದು ಮಾಲಕರಿಗೆ ನಾನೇ ಹೇಳಿದೆ.

ಮಾಲಕರು ಆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು, ತಾಟಿಗೆ ಕೈ ಹಾಕಬೇಡ, ಬಾಯಿಂದ ಹೇಳು, ಅದೂ ಮೆಲ್ಲಗೆ ಎಂದರು. ನಾಳೆಯಿಂದ ಬಾ ಎಂದರು.

ಮನೆಗೆ ಬರುವಾಗ ಬಸ್ಸಿನಲ್ಲಿ ಕಿಟಕಿಯ ಸೀಟನ್ನು ಅವನಿಗೆ ಬಿಟ್ಟುಕೊಟ್ಟೆ, ಅತ್ತರೆ ಆ ಕಡೆ ಮುಖ ಮಾಡಿಕೊಳ್ಳಲಿ ಎಂದು. ಎರಡು ಸ್ಟಾಪು ದಾಟುವುದರೊಳಗೆ ಆ ಸೀಟು ನನಗೇ ಬೇಕಾಗಿತ್ತು.