ಪುಟ್ಟಬಂಡಿಗೆ ನಿದ್ದೆ ನಿಷೇಧ

ಕೆಲಸದ ವೇಳೆಯಲ್ಲಿ ನಿದ್ದೆ ಮಾಡಕೂಡದೆಂಬ ನಿಯಮವು ಗ್ರಹಶೋಧನಾ ಇಲಾಖೆಯ ಸಮಸ್ತ ನೌಕರರಿಗೂ ಅನ್ವಯಿಸುತ್ತದೆ. ನೌಕರರು ಬೇರೆ ಗ್ರಹದಲ್ಲಿದ್ದರೂ ವಿನಾಯಿತಿ ಇಲ್ಲ.

ಆದಕಾರಣ, ಕೆಂಪು ಗ್ರಹದಲ್ಲಿ ಓಡಾಡುತ್ತಿದ್ದ ಪುಟ್ಟಬಂಡಿಯನ್ನು ಚಳಿಗಾಲ ಕಳೆಯುವವರೆಗೆ ಮಲಗಿಸಬೇಕೆಂದು ಅದರ ಚಾಲಕಿ ಕೇಳಿದಾಗ ನಿರ್ದೇಶಕರು ಬೆಚ್ಚಿಬಿದ್ದದ್ದು ಸಹಜವೇ. ಚಾಲಕಿ ಇಲ್ಲೇ ಕುರ್ಚಿಯಲ್ಲಿ ಕೂತು, ಅಷ್ಟು ದೂರದ ಬಂಡಿಯನ್ನು ಕಲ್ಲು-ಗುಂಡಿ ತಪ್ಪಿಸಿ ನಡೆಸುತ್ತಿದ್ದವಳು. ಹೆತ್ತ ಮಗನಿಗೆ ನಡಿಗೆ ಕಲಿಸುವಾಗಲೂ ಇಷ್ಟು ಜೋಪಾನ ಮಾಡಿರಲಿಲ್ಲ, ಪಾಪ.

"ಸಾರ್, ಬೆನ್ನ ಮೇಲಿನ ಸೌರಫಲಕದ ಮೇಲೆಲ್ಲ ಧೂಳು ಕೂತಿದೆ. ಬಿಸಿಲೂ ಕಮ್ಮಿ. ಬ್ಯಾಟರಿಯಲ್ಲಿರೋ ಚೂರುಪಾರು ಶಕ್ತಿ ಮೈ ಬೆಚ್ಚಗಿಟ್ಕೊಳ್ಳೋಕೇ ಬೇಕು. ಈಗ ಮಲಗಿಸಿದ್ರೆ ಬೇಸಿಗೆಗೆ ಏಳುತ್ತೆ. ಇಲ್ದಿದ್ರೆ ಬ್ಯಾಟರಿ ಹೆಪ್ಪುಗಟ್ಟಿ ಸತ್ತೇ ಹೋಗುತ್ತೆ."

"ಇವತ್ತು ಬಂಡಿ ಮಲಗಲಿ ಅಂತೀರಿ. ನಾಳೆ ನಮ್ಮ ಉಪನಿರ್ದೇಶಕರೂ ಮಲಗ್ತೀನಿ ಅಂದ್ರೆ?"

ಪಕ್ಕದಲ್ಲಿ ಉಪನಿರ್ದೇಶಕರು ಆಗಲೇ ಗೊರಕೆ ಹೊಡೆಯುತ್ತಿದ್ದರು. ಅದು ನಿದ್ದೆಯಲ್ಲ, ಗಾಢ ಪರಿಶೀಲನೆ ಎಂದು ಇಲಾಖೆ ಹಿಂದೆಯೇ ಸ್ಪಷ್ಟೀಕರಣ ಕೊಟ್ಟಿತ್ತು.

ಸಂಜೆಗೆ ಪ್ರಕಟಣೆ ಹೊರಬಿತ್ತು: "ಪುಟ್ಟಬಂಡಿಯು ತಾನು ಎಚ್ಚರವಾಗಿರುವುದಾಗಿ ಗಂಟೆಗೊಮ್ಮೆ ಭೂಮಿಗೆ ವರದಿ ಮಾಡತಕ್ಕದ್ದು. ತೂಕಡಿಕೆ ಕಂಡುಬಂದಲ್ಲಿ ಅರ್ಧ ಗಂಟೆಗೊಮ್ಮೆ ಮಾಡತಕ್ಕದ್ದು."

ಗಾಯದ ಮೇಲೆ ಬರೆ ಅಂದರೆ ಇದೇ ನೋಡಿ. ಒಂದೊಂದು ವರದಿಗೂ ಬ್ಯಾಟರಿ ಒಂದಿಷ್ಟು ಇಳಿಯಿತು. ಬ್ಯಾಟರಿ ಇಳಿದಂತೆ ವರದಿ ತಡವಾಯಿತು. ತಡವಾದದ್ದನ್ನು ತೂಕಡಿಕೆ ಎಂದು ಪರಿಗಣಿಸಿ, ನಿಯಮಾನುಸಾರ ಇನ್ನಷ್ಟು ವರದಿ ಕೇಳಲಾಯಿತು. ಪರದೆಯ ಮೇಲೆ ಬಂಡಿಯ ಮೈ ತಣ್ಣಗಾಗುವುದನ್ನು ನೋಡುತ್ತ ಕೂತ ಚಾಲಕಿಗೆ ಊಟ ಸೇರಲಿಲ್ಲ. ಮತ್ತೆ ನಿರ್ದೇಶಕರ ಕೋಣೆಗೆ ಓಡಿದಳು.

"ಕೈ ಮುಗೀತೀನಿ ಸಾರ್. ಸ್ವಲ್ಪ ಹೊತ್ತಾದ್ರೂ ಕಣ್ಣು ಮುಚ್ಚಲಿ."

"ನೋಡಮ್ಮಾ, ಶಿಸ್ತು ಅನ್ನೋದು ಬ್ಯಾಟರಿ ಮೇಲೆ ನಡೆಯೋದಲ್ಲ."

ಬ್ಯಾಟರಿಯ ಮೇಲೆಯೇ ನಡೆಯುತ್ತಿದ್ದ ಬಂಡಿಗೆ ಈ ಸಂಗತಿ ತಿಳಿದಿರಲಿಲ್ಲ. ಮರುದಿನ ಅದರಿಂದ "ಎಚ್ಚರವಾ" ಎಂಬಷ್ಟು ಮಾತ್ರ ಬಂತು. ಆಮೇಲೆ ಸದ್ದಿಲ್ಲ. ಚಾಲಕಿ ಕರೆದಳು, ಕಾದಳು, ಮತ್ತೆ ಕರೆದಳು. ಊಹೂಂ.

ಇಲಾಖೆ ಸಂಭ್ರಮದಿಂದ ಸಂತಾಪ ಸಭೆ ಕರೆಯಿತು. ಒಂದು ಗಳಿಗೆಯೂ ಕಣ್ಣು ಮುಚ್ಚದೆ ಅಸುನೀಗಿದ ಬಂಡಿಗೆ 'ಆದರ್ಶ ನೌಕರ' ಎಂಬ ಬಿರುದು ಸಿಕ್ಕಿತು. ಮುಂದಿನ ಬಂಡಿಯಲ್ಲಿ ಮಲಗುವ ಏರ್ಪಾಡನ್ನೇ ಕಿತ್ತುಹಾಕಿ, ಅಲ್ಲೊಂದು ಅಲಾರಾಂ ಕೂರಿಸಲು ಅನುಮತಿಯೂ ದೊರೆಯಿತು.

ಒಂದು ತೊಡಕು ಮಾತ್ರ ಉಳಿಯಿತು. ಗಂಟೆಯ ವರದಿಯನ್ನು ನೌಕರ ಸತ್ತರೆ ನಿಲ್ಲಿಸಬಹುದೆಂದು ನಿಯಮದಲ್ಲಿ ಎಲ್ಲೂ ಹೇಳಿರಲಿಲ್ಲ. ಬಂಡಿಯ ಬದಲು ವರದಿ ಮಾಡುವ ಹೊಣೆಯನ್ನು ಚಾಲಕಿಗೇ ವಹಿಸಲಾಯಿತು. ಆಕೆ ಮೊದಲ ದಿನ ಅತ್ತಳು, ಎರಡನೆಯ ದಿನ ಜಗಳವಾಡಿದಳು. ಈಗ ರೂಢಿಯಾಗಿದೆ. ಗಂಟೆಯಾದೊಡನೆ ಧೂಳಿನಡಿ ಮಲಗಿರುವ ಬಂಡಿಯ ಪರವಾಗಿ ಗುಂಡಿ ಒತ್ತುತ್ತಾಳೆ: "ಎಚ್ಚರವಾಗಿದ್ದೇನೆ."

"ನೋಡಿದ್ರಾ? ಮನಸ್ಸು ಮಾಡಿದ್ರೆ ಧೂಳೂ ಇಲ್ಲ, ಚಳಿಯೂ ಇಲ್ಲ," ಎಂದು ನಿರ್ದೇಶಕರು ಆ ವರದಿಯನ್ನು ಎಲ್ಲರಿಗೂ ತೋರಿಸುತ್ತಾರೆ.

ಉಪನಿರ್ದೇಶಕರು ಗೊರಕೆಯಲ್ಲೇ ಅನುಮೋದಿಸುತ್ತಾರೆ.