ಹೌದು–ಅಲ್ಲದ ಸಾಹೇಬ

ಕೆಲಸವಿಲ್ಲದ ಗಂಡಸರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಮ್ಮ ಮನೆಯಲ್ಲೇ ಇಬ್ಬರಿದ್ದರು. ಆದರೆ ಪಗಾರ ತೆಗೆದುಕೊಂಡು ನಲವತ್ತು ವರ್ಷ ‘ಹೌದು’ ಅಂದರೇನು, ‘ಅಲ್ಲ’ ಅಂದರೇನು ಎಂದು ಯೋಚಿಸಿದವನು ಇಂಗ್ಲೆಂಡಿನ ಆ ಮುದುಕನೊಬ್ಬನೇ. ಗಣಿತದಲ್ಲಿ ತರ್ಕ ಎಂಬ ವಿದ್ಯೆಯೊಂದಿದೆಯಂತೆ, ಅದರಲ್ಲಿ ದೊಡ್ಡ ಪಂಡಿತನಂತೆ. ಇರಲಿ. ಅಂಗಿಯ ಗುಂಡಿ ಮಾತ್ರ ಒಂದು ದಿನವೂ ನೆಟ್ಟಗೆ ಹಾಕಲಿಲ್ಲ.

ಆನೆಗುಂದಿಯ ಬಂಡೆ ನೋಡಲು ಹೊರಟವನು. ನಮ್ಮೂರು ಮರಳಿಯಲ್ಲಿ ಬಸ್ಸು ಕೆಟ್ಟು ನಮ್ಮ ಕಟ್ಟೆಯ ಮೇಲೆ ಕೂತ. ಎದ್ದದ್ದು ಎರಡು ತಿಂಗಳಿಗೆ! ಆಮೇಲೆ ಪ್ರತಿ ಚಳಿಗಾಲವೂ ಬಂದು ಮೇಲಿನ ಕೋಣೆ ಹಿಡಿಯುತ್ತಿದ್ದ. ನನ್ನ ಬೈಗುಳ ಕೇಳಿ ಕೇಳಿ ಕನ್ನಡ ಕಲಿತ. ಬೆಳಿಗ್ಗೆ ಕಿಟಕಿಯಲ್ಲಿ ಕೂತರೆ ಗದ್ದೆಯ ಮೇಲಿನ ಮಂಜು ಕರಗಿ, ಕೊಕ್ಕರೆ ಬಂದು, ಕೊಕ್ಕರೆ ಹೋಗಿ, ನೀರೊಳಗಿನ ಮೋಡ ಈ ಬದುವಿನಿಂದ ಆ ಬದುವಿಗೆ ತೇಲಿ ಮುಟ್ಟುವವರೆಗೂ ಅಲುಗುತ್ತಿರಲಿಲ್ಲ.

“ಏನ್ ಮಾಡಾಕತ್ತೀರಿ ಸಾಹೇಬ್ರ?”

“ಕೆಲಸ, ಅವ್ವಾರ.”

ಅಂಟುರೋಗ ಅದು. ಒಮ್ಮೆ ನಾನೂ ಪಕ್ಕದಲ್ಲಿ ಕೂತು ಮೋಡ ನೋಡಿದೆ. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು. ಎಲ್ಲಿಗೆ ಹೋಗಿದ್ದೆ ಎಂದು ಸೊಸೆ ಕೇಳಿದರೆ, “ಕೆಲಸ ಇತ್ತು,” ಎಂದೆ.

ಎಳ್ಳಮಾವಾಸ್ಯೆಗೆ ಹೊಲದಲ್ಲಿ ಊಟ. ಅವನು “ಸಾಕ್ರಿ” ಎಂದ, ಹೋಳಿಗೆ ಹಾಕಿದೆ. “ಬ್ಯಾಡ್ರಿ” ಎಂದ, ಇನ್ನೊಂದು ಹಾಕಿದೆ. ಆರನೆಯದಕ್ಕೆ ಕಣ್ಣು ಕಣ್ಣು ಬಿಟ್ಟ.

“ಅವ್ವಾರ, ಎಷ್ಟ್ ಸಲ ಬ್ಯಾಡ ಅಂದ್ರ ಬ್ಯಾಡ ಆಗತೈತಿ?”

“ಬಾಯಿಮಾತ್ ಯಾರ್ ನಂಬ್ತಾರ್ರಿ? ಎಲಿ ಮ್ಯಾಲ ಅಡ್ಡ ಬಿದ್ರ ಬ್ಯಾಡ ಅಂತ.”

ನಲವತ್ತು ವರ್ಷದಲ್ಲಿ ಇದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಬರೆದುಕೊಂಡ.

ಹೋದ ಚಳಿಗಾಲ ಬಂದವನು ಊಟವನ್ನೇ ಬಿಟ್ಟ. ಹರೆಯದಲ್ಲಿ ಗಣಿತದ ಒಂದು ಮಾತನ್ನು ಖರೆ ಎಂದು ಸಾಧಿಸಿ ತೋರಿಸಿದ್ದನಂತೆ. ಅವನ ಹೆಸರೆಲ್ಲ ಅದರ ಮೇಲೆಯೇ ನಿಂತಿತ್ತು. ಈಗ ಅವನ ಶಿಷ್ಯೆಯೊಬ್ಬಳು ಅವನೊಬ್ಬನಿಗೇ ಬರೆದಿದ್ದಳು: ಅದರ ನಡುವಿನ ಒಂದು ಮೆಟ್ಟಿಲು ತಪ್ಪಾಗಿದೆ, ನೀವು ಹೇಳದೆ ನಾನು ಯಾರಿಗೂ ಹೇಳುವುದಿಲ್ಲ.

“ಆಕಿ ಅನ್ನೂದು ಖರೆ ಏನ್ರಿ?” ಎಂದೆ.

“ಖರೆ.”

“ಹಂಗಾರ ತಪ್ಪಾತು ಅಂತ ಬರದ್ ಒಗೀರಿ.”

“ಬರದ್ರ ನಲವತ್ತ್ ವರ್ಷ ಹೋಗತೈತಿ, ಅವ್ವಾರ. ಸುಮ್ನಿದ್ರ ಯಾರಿಗೂ ಗೊತ್ತಾಗಂಗಿಲ್ಲ.”

ನಮ್ಮಲ್ಲಿ ಇಂಥದಕ್ಕೆ ದೇವರ ಅಪ್ಪಣೆ ಕೇಳುತ್ತಾರೆ. ಹನುಮಪ್ಪನ ಗುಡಿಗೆ ಕರೆದುಕೊಂಡು ಹೋದೆ. ಪೂಜಾರಿ ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿದ. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಸಾಹೇಬ ರೆಪ್ಪೆ ಬಡಿಯದೆ ಕೂತ. ಒಂದು ತಾಸಾಯಿತು. ಯಾವುದೂ ಬೀಳಲಿಲ್ಲ.

“ಎರಡೂ ಬೀಳದಿದ್ರ?” ಎಂದು ಕೇಳಿದ.

“ನಾಳಿ ಬರ್ರಿ ಅಂತ,” ಎಂದ ಪೂಜಾರಿ. ಅವನಿಗೆ ಹಸಿವಾಗಿತ್ತು.

ಸಾಹೇಬನ ಮುಖ ಅರಳಿತು. ಹೌದೂ ಅಲ್ಲದ, ಅಲ್ಲವೂ ಅಲ್ಲದ ಮಾತು ಇರಬಹುದು ಎಂದು ಅವರ ಕಡೆ ದೊಡ್ಡ ದೊಡ್ಡ ಪುಸ್ತಕ ಬರೆದಿದ್ದಾರಂತೆ; ನಮ್ಮ ಪೂಜಾರಿ ನಿಂತ ನಿಲುವಿನಲ್ಲೇ ಹೇಳಿಬಿಟ್ಟನಂತೆ. ಕಾಲುವೆಯ ಏರಿಯ ಮೇಲೆ ಕನಸಿನಲ್ಲಿ ನಡೆಯುವವನ ಹಾಗೆ ನಡೆದ. ನೀರು ಸಪ್ಪಳವಿಲ್ಲದೆ ನಮ್ಮ ಜೊತೆಗೇ ಹರಿಯುತ್ತಿತ್ತು. ಅರ್ಧ ದಾರಿಯಲ್ಲಿ ನಿಂತ.

“ಆದ್ರ ನಂದು ಹಂಗಲ್ಲ, ಅವ್ವಾರ. ನನಗ ಗೊತ್ತೈತಿ. ಗೊತ್ತಿದ್ದದ್ದನ್ನ ದೇವ್ರಿಗೆ ಯಾಕ ಕೇಳಿದ್ನಿ?”

“ಅಂಜಿಕಿಗೆ.”

“ನಲವತ್ತ್ ವರ್ಷ ದಂಡ ಆತಲ್ಲ.”

“ನಾಟಿ ಕೊಳತ್ರ ಸಸಿ ಹೋಗತಾವ. ಗದ್ದಿ ಎಲ್ಲಿಗ್ ಹೋಗತೈತಿ? ಆ ಹುಡುಗಿ ಮತ್ತ ಹಚ್ಚಲಿ ಬಿಡ್ರಿ.”

ಮನೆಗೆ ಬಂದು ಕಂಪ್ಯೂಟರ್ ತೆರೆದು ಬರೆದ. ತಪ್ಪು ನನ್ನದು, ಕಂಡುಹಿಡಿದವಳು ಇವಳು ಎಂದು ಅವಳ ಹೆಸರನ್ನೂ ಹಾಕಿದ್ದನ್ನು ನನಗೆ ಓದಿ ಹೇಳಿದ. ಇನ್ನು ಒಂದು ಗುಂಡಿ ಒತ್ತಿದರೆ ಎಲ್ಲ ಪಂಡಿತರಿಗೂ ಹೋಗುತ್ತದೆ. ಬೆರಳು ಇಟ್ಟ, ತೆಗೆದ. ಇಟ್ಟ, ತೆಗೆದ.

“ಅವ್ವಾರ, ನೀವ ಒತ್ತರಿ.”

ಒತ್ತಿದೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ಬೆರಳಿಗೆ ಏನು ಅಂಜಿಕೆ?

ಒಂದು ಲೋಟ ಮಜ್ಜಿಗೆ ಕುಡಿದು ಅಲ್ಲೇ ಪಡಸಾಲೆಯಲ್ಲಿ ಅಡ್ಡಾದ. ಎಷ್ಟು ದಿನದ ನಿದ್ದೆಯೋ, ಬಾಯಿ ತೆರೆದು ಕೂಸಿನ ಹಾಗೆ ಮಲಗಿದ್ದ. ಒಳಗೆ ಸೊಸೆ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೈಯೆತ್ತಿದ್ದಳು. ಹೋಗಿ ಆ ಕೈ ಹಿಡಿದುಕೊಂಡೆ. ಆ ಮಧ್ಯಾಹ್ನ ಮನೆಮಂದಿಯೆಲ್ಲ ತಂಗಳನ್ನ ಉಂಡೆವು, ತಾಟು ಸಪ್ಪಳವಾಗದ ಹಾಗೆ.